ಒಂದೇ ಫೈಲ್ ಹಿಡಿದು ಬ್ರಸೆಲ್ಸ್ ಓದಿದ್ದು: ನನ್ನ ಅನುಭವ

ಐರೋಪ್ಯ ಒಕ್ಕೂಟದ ರಾಜಕೀಯವನ್ನು ಒಂದೇ ಕಾನೂನಿನ ಫೈಲ್ ಹಿಡಿದು, ಅಂದರೆ ಕರಡಿನಿಂದ ಕೊನೆಯ ಮತದವರೆಗಿನ ಅದರ ಕಾಗದಗಳ ಜಾಡು ಹಿಡಿದು ಓದುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಒಂದು ಫೈಲ್ ಅಂದ್ರೆ ಒಂದು ಕಥೆ ಅಷ್ಟೆ. ಅದರಿಂದ ಏನೂ ಸಾಬೀತಾಗಲ್ಲ" ಎಂದರು ಹಿರಿಯರೊಬ್ಬರು. ಈಗ ಆ ಒಂದು ಫೈಲ್‌ನಿಂದಲೇ ಪ್ರಬಂಧದ ಅರ್ಧ ಭಾಗ ಎದ್ದು ನಿಂತಿದೆ. ಪರೀಕ್ಷಕರು ಬಿಡದೆ ಪ್ರಶ್ನೆ ಕೇಳಿದ್ದೂ ಆ ಭಾಗದ ಬಗ್ಗೆಯೇ. ಒಕ್ಕೂಟದಲ್ಲಿ ಕಾನೂನಿನ ಕರಡು ತರುವುದು ಕಮಿಷನ್. ಅದನ್ನು ತಿದ್ದಿ ಪಾಸು ಮಾಡುವುದು ಚುನಾಯಿತ ಪಾರ್ಲಿಮೆಂಟ್ ಮತ್ತು ಸದಸ್ಯ ದೇಶಗಳ ಸಚಿವರು ಕೂರುವ ಕೌನ್ಸಿಲ್. ಇಷ್ಟು ಸಾಕು, ಕೆಲಸದ ಮಾತಿಗೆ ಬರುತ್ತೇನೆ.

ಮೊದಲು ಎಲ್ಲರೂ ಹೇಳಿಕೊಟ್ಟ ದಾರಿಯಲ್ಲೇ ಹೋದೆ. ಸಂಸದರ ಸಹಾಯಕರಿಗೆ ಪ್ರಶ್ನಾವಳಿ ಕಳಿಸಿದೆ. ಸುಮಾರು ಮುನ್ನೂರು ಇಮೇಲ್ ಹೋದವು. ಉತ್ತರ ಬಂದಿದ್ದು ಹತ್ತೋ ಹದಿನೈದೋ. ಅದರಲ್ಲೂ ಅರ್ಧ ಉತ್ತರಗಳು ಪತ್ರಿಕಾ ಹೇಳಿಕೆಯ ಸಾಲುಗಳೇ. ಆಮೇಲೆ ದುಬಾರಿ ಸುದ್ದಿ ಸೇವೆಯೊಂದಕ್ಕೆ ಚಂದಾ ಕಟ್ಟಿದೆ. ಕೆಲವೇ ತಿಂಗಳಲ್ಲಿ ಒಂದೂವರೆ ಸಾವಿರ ಯೂರೋ ಹತ್ತಿರ ಹೋಯಿತು. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಅನ್ನೋದು ಅಲ್ಲಿ ಚೆನ್ನಾಗಿ ಸಿಗುತ್ತದೆ. ಕಾನೂನಿನ ಯಾವ ಸಾಲು ಯಾಕೆ ಬದಲಾಯಿತು ಎಂಬುದು ಮಾತ್ರ ಸಿಗುವುದಿಲ್ಲ.

ಪಾರ್ಲಿಮೆಂಟಿನ ಪೂರ್ಣ ಅಧಿವೇಶನ ನಡೆಯುವ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ದುಡ್ಡು ನುಂಗುವ ಇನ್ನೊಂದು ಗುಂಡಿ. ಅಧಿವೇಶನದ ವಾರದಲ್ಲಿ ಹೋಟೆಲ್ ದರ ಎರಡು ಮೂರು ಪಟ್ಟು ಏರುತ್ತದೆ. ನಾನು ರೈನ್ ನದಿ ದಾಟಿ ಜರ್ಮನಿಯ ಕೇಲ್ ಊರಿನಲ್ಲಿ ಉಳಿಯುತ್ತಿದ್ದೆ. 2017ರಿಂದ ಅಲ್ಲಿಗೆ ಟ್ರಾಮ್ ಇದೆ. ಒಂದು ರಾತ್ರಿಗೆ ಐವತ್ತು ಅರವತ್ತು ಯೂರೋ ಉಳಿಯುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಸಮಿತಿ ಸಭೆಗಳು ಹೆಚ್ಚಾಗಿ ನೇರ ಪ್ರಸಾರ ಆಗುತ್ತವೆ, ಹಳೆಯವೂ ಸಿಗುತ್ತವೆ. ಹೋಗಬೇಕಾದ್ದು ಸಭೆಗಲ್ಲ, ಸಭೆ ಮುಗಿದ ಮೇಲಿನ ಕಾರಿಡಾರಿಗೆ. ಅದಕ್ಕೆ ಬ್ರಸೆಲ್ಸ್ ಸಾಕು. ಗುರುವಾರ ಸಂಜೆ ಅಲ್ಲಿನ ಪಾರ್ಲಿಮೆಂಟಿನ ಎದುರಿನ ಚೌಕ ಪ್ಲಾಸ್ ಲಕ್ಸಂಬರ್ಗ್‌ನಲ್ಲಿ ನಿಂತರೆ ಕಿರಿಯ ಸಹಾಯಕರು ತಾವಾಗಿಯೇ ಮಾತಿಗೆ ಸಿಗುತ್ತಾರೆ.

ನಾನು ಹಿಡಿದದ್ದು 2022/0195(ಸಿಒಡಿ) ಸಂಖ್ಯೆಯ ಫೈಲ್, ಅಂದರೆ ಹಾಳಾದ ಕಾಡು, ಜೌಗು, ನದಿಗಳನ್ನು ಸರಿಪಡಿಸಲು ಗುರಿ ಹಾಕುವ ಪ್ರಕೃತಿ ಪುನಶ್ಚೇತನ ಕಾನೂನು. ಆಯ್ಕೆ ಸುಮ್ನೆ ಆದದ್ದಲ್ಲ. ಜಗಳ ಜಾಸ್ತಿ ಇರುವ ಫೈಲ್ ಬೇಕಿತ್ತು. ಎಲ್ಲರೂ ಒಪ್ಪಿದ ಕಾನೂನಿನಲ್ಲಿ ಸಂಸ್ಥೆಗಳ ಬಲ ಅಳೆಯಲು ಆಗುವುದಿಲ್ಲ. ಇದು 2022ರ ಜೂನ್‌ನಲ್ಲಿ ಕಮಿಷನ್‌ನಿಂದ ಹೊರಟಿತು. 2023ರ ಜೂನ್‌ನಲ್ಲಿ ಪಾರ್ಲಿಮೆಂಟಿನ ಪರಿಸರ ಸಮಿತಿಯಲ್ಲಿ 44-44 ಸಮ ಬಿತ್ತು. ಸಮ ಎಂದರೆ ಸೋಲು. ಹಾಗಾಗಿ ಸಮಿತಿ ತಿರಸ್ಕಾರವನ್ನೇ ಶಿಫಾರಸು ಮಾಡಬೇಕಾಯಿತು. ಜುಲೈನಲ್ಲಿ ಪೂರ್ಣ ಸದನ ಆ ತಿರಸ್ಕಾರವನ್ನು 324-312ರಿಂದ ಬೀಳಿಸಿತು. ಕಾನೂನನ್ನು ವಿರೋಧಿಸಿದ ಇಪಿಪಿ ಎಂಬ ಬಲ-ಮಧ್ಯಪಂಥೀಯ ಗುಂಪಿನ ಕೆಲವರು ನಾಯಕರ ಮಾತು ಮೀರಿ ಮತ ಹಾಕಿದ್ದು ಹೆಸರು ಸಹಿತ ದಾಖಲಾಗಿದೆ. ಆ ಹೆಸರುಗಳನ್ನು ದೇಶವಾರು ಜೋಡಿಸಿದರೆ ಗುಂಪಿನ ಶಿಸ್ತು ಎಲ್ಲಿ ಸಡಿಲ ಎಂಬುದು ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ನಿಜವಾದ ಚಿನ್ನ ಇರುವುದು ಟ್ರೈಲಾಗ್‌ನ, ಅಂದರೆ ಮೂರೂ ಸಂಸ್ಥೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಸುವ ಮಾತುಕತೆಯ, ನಾಲ್ಕು ಕಾಲಂ ಕಾಗದದಲ್ಲಿ. ಮೊದಲ ಕಾಲಂ ಕಮಿಷನ್ ಹೇಳಿದ್ದು, ಎರಡನೆಯದು ಪಾರ್ಲಿಮೆಂಟಿನದು, ಮೂರನೆಯದು ಕೌನ್ಸಿಲ್‌ನದು, ನಾಲ್ಕನೆಯದು ಒಪ್ಪಂದವಾದದ್ದು. ಎಲ್ಲರೂ ನಾಲ್ಕನೆಯದನ್ನು ಓದುತ್ತಾರೆ. ನಾನು ಎರಡನೆಯದರ ಖಾಲಿ ಜಾಗ ಓದಿದೆ. ಕಮಿಷನ್‌ನ ಕರಡಿನಲ್ಲಿ ಒಂಬತ್ತನೆಯದು ಕೃಷಿ ಭೂಮಿಯ ಕಲಂ, ಅದನ್ನು ಪಾರ್ಲಿಮೆಂಟ್ ಪೂರ್ತಿ ಕಿತ್ತುಹಾಕಿತ್ತು. ಆದರೆ ಕೊನೆಯ ಕಾನೂನಿನಲ್ಲಿ ಅದು ಹನ್ನೊಂದನೆಯ ಕಲಂ ಆಗಿ ಮತ್ತೆ ಬಂದಿದೆ. ಜೊತೆಗೆ ಒಂದು ತುರ್ತು ಬ್ರೇಕ್ ಕೂಡ ಸೇರಿದೆ. ಆಹಾರ ಉತ್ಪಾದನೆಗೆ ಒಕ್ಕೂಟದಾದ್ಯಂತ ದೊಡ್ಡ ಪೆಟ್ಟು ಬೀಳುವಂತಾದರೆ ಕೃಷಿಯ ಗುರಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ನನ್ನ ಓದು ಹೀಗೆ: ಕಿತ್ತುಹಾಕಿದ ಕಲಂ ಚೌಕಾಸಿಯ ಸರಕಾಯಿತು. ಅದನ್ನು ವಾಪಸ್ ಕೊಟ್ಟು ಪಾರ್ಲಿಮೆಂಟಿನವರು ಬ್ರೇಕ್ ಪಡೆದರು.

ಜೌಗು ಮಣ್ಣಿನ ಅಂಕಿಗಳೂ ಹಾಗೆಯೇ. ನೀರು ಬಸಿದು ಕೃಷಿಗೆ ಬಳಸಿದ ಜೌಗಿನಲ್ಲಿ 2030ಕ್ಕೆ ಶೇ. 30, 2040ಕ್ಕೆ ಶೇ. 50, 2050ಕ್ಕೆ ಶೇ. 70 ಸರಿಪಡಿಸಬೇಕು ಎಂದು ಕಮಿಷನ್ ಕೇಳಿತ್ತು. ಕೊನೆಗೆ ಉಳಿದದ್ದು 30, 40, 50. ಹತ್ತಿರದ ವರ್ಷದ ಅಂಕಿ ಹಾಗೇ ಉಳಿಯಿತು, ದೂರದ ವರ್ಷಗಳ ಅಂಕಿಗಳನ್ನು ಕತ್ತರಿಸಿದರು. ನಾನು ಊಹಿಸಿದ್ದು ಇದರ ಉಲ್ಟಾ.

ಈ ಕಾಗದಗಳು ಕೈಗೆ ಬರುವುದು ಸುಲಭವಲ್ಲ. ಒಕ್ಕೂಟದ ಮಾಹಿತಿ ಹಕ್ಕಿನಂಥ 1049/2001 ನಿಯಮದಡಿ ಕೇಳಬೇಕು. ಹದಿನೈದು ಕೆಲಸದ ದಿನದಲ್ಲಿ ಉತ್ತರ ಎಂಬುದು ಕಾಗದದ ಮೇಲಿನ ಮಾತು. ಒಂದು ಸಂಸ್ಥೆ ನನಗೆ ಮೊದಲ ಸಲ ಅರ್ಧ ಪುಟ ಕಪ್ಪು ಬಳಿದು ಕೊಟ್ಟಿತು. ಎರಡನೇ ಅರ್ಜಿಯಲ್ಲಿ ಒಕ್ಕೂಟದ ನ್ಯಾಯಾಲಯದ 2018ರ ಡಿ ಕಪಿತಾನಿ ತೀರ್ಪು ತೋರಿಸಿದೆ. ಕೇಳಿದವರಿಗೆ ಟ್ರೈಲಾಗ್ ಕಾಗದ ಕೊಡುವುದೇ ನಿಯಮ, ಕೊಡದಿದ್ದರೆ ಕಾರಣ ಹೇಳಬೇಕು ಎಂಬ ಅರ್ಥದ ತೀರ್ಪು ಅದು. ಕಾಗದ ಬಂತು. ಅರ್ಜಿಯಲ್ಲಿ ಏನನ್ನು ಕೇಳಬೇಕು, ಏನನ್ನು ಬೇಕಂತಲೇ ಕೇಳಬಾರದು ಎಂಬುದಕ್ಕೆ ನನ್ನದೇ ಒಂದು ಕ್ರಮವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದೇ ಸಾಲು ಬರೆದರೆ ಅದು ಕೆಲಸ ಮಾಡುವುದು ನಿಲ್ಲುತ್ತದೆ. ಗಾಢವಾಗಿ ಕಪ್ಪು ಬಳಿದ ಪುಟದಲ್ಲೂ ಕಲಂ ಸಂಖ್ಯೆಗಳು ಉಳಿದಿರುತ್ತವೆ ಎಂಬುದನ್ನು ಮಾತ್ರ ಹೇಳುತ್ತೇನೆ.

ನನ್ನ ವಿಧಾನವನ್ನು ಗೆಲ್ಲಿಸಿದ್ದು ಕೊನೆಯ ಹಂತ. 2023ರ ನವೆಂಬರ್‌ನಲ್ಲಿ ಒಪ್ಪಂದವಾಗಿದ್ದರೂ 2024ರ ಮಾರ್ಚ್‌ನಲ್ಲಿ ಹಂಗೇರಿ ಹಿಂದೆ ಸರಿಯಿತು, ಕೌನ್ಸಿಲ್‌ನ ಮತದಾನ ಮುಂದೆ ಹೋಯಿತು. ಫೈಲ್ ಸತ್ತಿತು, ಬೇರೆ ವಿಷಯ ಹುಡುಕಿಕೋ ಎಂದರು ಗೆಳೆಯರು. ನನ್ನ ಲೆಕ್ಕದ ಶೀಟ್ ಬೇರೆ ಹೇಳುತ್ತಿತ್ತು. ಕೌನ್ಸಿಲ್‌ನಲ್ಲಿ ಪರವಾಗಿ ನಿಂತ ದೇಶಗಳಲ್ಲಿ ಒಕ್ಕೂಟದ ಶೇ. 65 ಜನಸಂಖ್ಯೆ ಇರಬೇಕು, ಕೊರತೆ ಶೇ. ಒಂದರಷ್ಟು. ಅದನ್ನು ತುಂಬಬಲ್ಲ ದೇಶಗಳಲ್ಲಿ ಒಳಗೇ ಬಿರುಕು ಇದ್ದದ್ದು ಆಸ್ಟ್ರಿಯಾದಲ್ಲಿ. ಆಗ ಅಲ್ಲಿ ಸಮ್ಮಿಶ್ರ ಸರ್ಕಾರ, ಪರಿಸರ ಖಾತೆ ಗ್ರೀನ್ ಪಕ್ಷದ ಕೈಯಲ್ಲಿತ್ತು. ಕಾನೂನಿಗೆ ಆಸ್ಟ್ರಿಯಾದ ಪ್ರಾಂತ್ಯಗಳ ಒಗ್ಗಟ್ಟಿನ ವಿರೋಧದಿಂದ ವಿಯೆನ್ನಾ ಪ್ರಾಂತ್ಯ ಹೊರಬಂದಾಗಲೇ ನಾನು ಟಿಪ್ಪಣಿ ಬರೆದಿಟ್ಟೆ. ಜೂನ್ 17ರಂದು ಸಚಿವೆ ಲಿಯೊನೋರ್ ಗೆವೆಸ್ಲರ್ ಚಾನ್ಸಲರ್ ಕಾರ್ಲ್ ನೆಹಮ್ಮರ್ ವಿರೋಧಿಸಿದರೂ ಪರವಾಗಿ ಮತ ಹಾಕಿದರು. 20 ದೇಶ, ಶೇ. 66.07 ಜನಸಂಖ್ಯೆ. ಆಸ್ಟ್ರಿಯಾದ ಪಾಲು ಶೇ. 2ರ ಆಸುಪಾಸು. ಅದನ್ನು ಕಳೆದು ನೋಡಿ, ಕಾನೂನು ಬೀಳುತ್ತದೆ. ಕೌನ್ಸಿಲ್‌ನಲ್ಲಿ ಮತ ಹಾಕುವುದು "ದೇಶ" ಎಂದು ಬರೆಯುತ್ತೇವೆ. ನಿಜಕ್ಕೂ ಹಾಕುವುದು ಆ ಕುರ್ಚಿಯಲ್ಲಿ ಕೂತ ಸಚಿವರು. ನೂರು ಫೈಲ್‌ಗಳ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ, ಅಲ್ವಾ?

ಮಧ್ಯದಲ್ಲಿ ಒಂದೆರಡು ಪಕ್ಕದ ಪ್ರಯೋಗ ಮಾಡಿದೆ. ಇದೇ ವಿಧಾನವನ್ನು ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಮೇಲೆ ಹಾಕಿದೆ. ಅಲ್ಲಿ ಎಲ್ಲವೂ ಸಹಮತ, ಮತದಾನವಿಲ್ಲ. ಜಾಡು ಹಿಡಿಯಲು ಕಾಗದವೇ ಸಿಗಲಿಲ್ಲ. ತಾಂಜಾನಿಯಾದ ಅರುಷಾದಲ್ಲಿರುವ ಪೂರ್ವ ಆಫ್ರಿಕಾ ಶಾಸನ ಸಭೆಯ ಮೇಲೆ ಹಾಕಿದಾಗ ಚೆನ್ನಾಗಿ ಕೂತಿತು. ಅಲ್ಲಿ ಸಭೆ ಪಾಸು ಮಾಡಿದರೂ ರಾಷ್ಟ್ರ ಮುಖ್ಯಸ್ಥರ ಒಪ್ಪಿಗೆ ಬೇಕು. ನೋಡಬೇಕಾದ್ದು ಆ ಕೊನೆಯ ಮೆಟ್ಟಿಲನ್ನೇ. ಫ್ಲಾರೆನ್ಸ್‌ನ ವಿಲ್ಲಾ ಸಾಲ್ವಿಯಾತಿಯಲ್ಲಿರುವ ಒಕ್ಕೂಟದ ಹಳೆ ದಾಖಲೆಗಳಿಗೂ ಹೋಗಿಬಂದೆ. ಮೂವತ್ತು ವರ್ಷ ದಾಟಿದ ಕಾಗದಗಳು ಅಲ್ಲಿ ತೆರೆದಿರುತ್ತವೆ. ಓದಲು ಶುಲ್ಕವಿಲ್ಲ. ಕೌನ್ಸಿಲ್‌ನ ಹಳೆಯ ಜಗಳ ಓದಬೇಕೆನ್ನುವವರು ಚಂದಾ ದುಡ್ಡನ್ನು ಆ ಪ್ರಯಾಣಕ್ಕೆ ಹಾಕಲಿ.

ಒಟ್ಟು ಖರ್ಚು ನೆನಪಿನಲ್ಲಿದ್ದಂತೆ ಏಳೆಂಟು ಸಾವಿರ ಯೂರೋ, ಬಾಡಿಗೆ ಬಿಟ್ಟು. ಮೊದಲಿನಿಂದಲೇ ಫೈಲ್ ಹಿಡಿದಿದ್ದರೆ ಎರಡು ಸಾವಿರದಲ್ಲಿ ಮುಗಿಯುತ್ತಿತ್ತು. ಈಗ ಅರಣ್ಯನಾಶ ತಡೆಯ ಕಾನೂನು, 2023/1115, ಹಿಡಿದಿದ್ದೇನೆ. ಅದು ಪಾಸಾದ ಮೇಲೆ 2024ರ ಡಿಸೆಂಬರ್‌ನಲ್ಲಿ ಜಾರಿಯ ದಿನಾಂಕವನ್ನು ಒಂದು ವರ್ಷ ಮುಂದೂಡಿದರು. ಹೊಸ ಶೀಟ್‌ನಲ್ಲಿ ಐದನೇ ಕಾಲಂ ಸೇರಿಸಿದ್ದೇನೆ, ಪಾಸಾದ ಮೇಲೆ ಬದಲಾದ ಸಾಲುಗಳಿಗೆ.