ಹದಿಹರೆಯದವರು ತಮ್ಮ ಕಥೆ ಬರೆಯುವಾಗ: ಹಿರಿಯರಿಗೊಂದು ಕೈಪಿಡಿ

ಹದಿನಾಲ್ಕು ಹದಿನೈದು ವರ್ಷದ ಹುಡುಗನಿಗೋ ಹುಡುಗಿಗೋ ‘ನಿನ್ನ ಬದುಕಿನ ಮರೆಯಲಾಗದ ಘಟನೆಯ ಬಗ್ಗೆ ಬರೆ’ ಎಂದು ಹೇಳಿದರೆ ಹೆಚ್ಚಿನ ಸಲ ನಮ್ಮ ಕೈಗೆ ಬರುವುದು ಯಾರು ಬೇಕಾದರೂ ಬರೆದಿರಬಹುದಾದ ಒಂದು ಪ್ರಬಂಧ. ಅದರಲ್ಲಿ ಪೀಠಿಕೆ ಇರುತ್ತದೆ, ಘಟನೆಯ ಸಾರಾಂಶ ಇರುತ್ತದೆ, ಕೊನೆಗೆ ‘ಈ ಘಟನೆಯಿಂದ ನಾನು ತಾಳ್ಮೆಯ ಮಹತ್ವವನ್ನು ಅರಿತೆನು’ ಎಂಬ ಸಾಲೂ ಇರುತ್ತದೆ; ಬರೆದವರು ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಅದೇ ಹುಡುಗಿ ಅದೇ ಘಟನೆಯನ್ನು ಗೆಳತಿಯರಿಗೆ ಹೇಳುವಾಗ ಕೇಳಿಸಿಕೊಂಡರೆ, ಎಲ್ಲಿ ಮಾತು ಎಳೆಯಬೇಕು, ಎಲ್ಲಿ ತಡೆಯಬೇಕು, ಯಾರ ಧಾಟಿಯನ್ನು ಅಣಕಿಸಬೇಕು ಎಂಬುದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿದೆ ಎಂದು ತಿಳಿಯುತ್ತದೆ. ಕಾಗದದ ಮುಂದೆ ಕೂತಾಗ ಆ ದನಿಯನ್ನು ಬದಿಗಿಟ್ಟು ಬರೆಯಬೇಕು ಎಂದು ಅವಳು ವರ್ಷಗಟ್ಟಲೆ ಕಲಿತಿದ್ದಾಳೆ, ಅಷ್ಟೆ. ಹೀಗಾಗಿ ಈ ಕೆಲಸದಲ್ಲಿ ಪೋಷಕರ ಮತ್ತು ಶಿಕ್ಷಕರ ಪಾಲು ಮುಖ್ಯವಾಗಿ ಓದುಗರ ಪಾಲು. ಅವರು ಹೇಗೆ ಓದುತ್ತಾರೆ, ಓದಿದ ಮೇಲೆ ಮೊದಲು ಏನು ಹೇಳುತ್ತಾರೆ ಎಂಬುದರ ಮೇಲೆ ಮುಂದಿನ ಪುಟ ಹೇಗಿರುತ್ತದೆ ಎಂಬುದು ನಿಂತಿದೆ.

ಈ ವಯಸ್ಸನ್ನೇ ಆರಿಸಿಕೊಳ್ಳಲು ಕಾರಣವಿದೆ. ಚಿಕ್ಕ ಮಕ್ಕಳು ನಡೆದದ್ದನ್ನು ಒಂದಾದ ಮೇಲೊಂದರಂತೆ ಹೇಳಬಲ್ಲರು. ಆದರೆ ‘ಅದು ನಡೆದದ್ದರಿಂದ ನಾನು ಹೀಗಾದೆ’ ಎಂದು ಘಟನೆಗಳ ನಡುವೆ ಕಾರಣದ ಎಳೆ ಹಿಡಿಯುವ ಶಕ್ತಿ, ಬಿಡಿಬಿಡಿ ಅನುಭವಗಳಲ್ಲಿ ತನ್ನದೇ ಆದ ಒಂದು ಧಾಟಿಯನ್ನು ಗುರುತಿಸುವ ಶಕ್ತಿ ಮುಖ್ಯವಾಗಿ ಹದಿಹರೆಯದಲ್ಲಿ ಬೆಳೆಯುತ್ತದೆ. ಟಿಲ್ಮನ್ ಹಾಬರ್ಮಾಸ್ ಮತ್ತು ಸೂಸನ್ ಬ್ಲಕ್ ಎಂಬ ಮನೋವಿಜ್ಞಾನಿಗಳು 2000ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹನ್ನೆರಡರ ಮಗುವಿನಿಂದ ಹದಿನೇಳರ ತರುಣನ ಆತ್ಮಾವಲೋಕನವನ್ನು ನಿರೀಕ್ಷಿಸಬಾರದು ಎಂಬುದು ಇದರಿಂದ ನಾವು ತೆಗೆದುಕೊಳ್ಳಬಹುದಾದ ತಿಳಿವಳಿಕೆ. ಕಿರಿಯರು ಒಂದು ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಬರೆದರೆ ಸಾಕು, ಅದರ ಅರ್ಥವನ್ನೂ ಹೇಳಲಿ ಎಂದು ಒತ್ತಾಯಿಸಬೇಕಿಲ್ಲ.

ಶುರುವಿಗೆ ಮುಂಚೆ ಆಗಬೇಕಾದ ಒಪ್ಪಂದ

ಬರೆದದ್ದನ್ನು ಯಾರು ಓದುತ್ತಾರೆ ಎಂಬುದನ್ನು ಬರೆಯುವ ಮುನ್ನವೇ ಹೇಳಿಬಿಡಬೇಕು. ಇದು ತೀರ್ಮಾನವಾಗದೆ ಶುರುವಾದ ಬರವಣಿಗೆಯಲ್ಲಿ ಮಕ್ಕಳು ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಯಾರಿಗೂ ತಪ್ಪು ಕಾಣದ ಹಾಗೆ ಬರೆಯುತ್ತಾರೆ. ನೋಟ್‌ಬುಕ್ಕಿನ ಪುಟಗಳು ಅವರವು, ತೋರಿಸಬೇಕೆನಿಸಿದ್ದನ್ನು ಮಾತ್ರ ತೋರಿಸಬಹುದು, ತೋರಿಸಿದ್ದಕ್ಕೆ ಅಂಕಗಳಿರುವುದಿಲ್ಲ ಎಂಬ ಮಾತನ್ನು ಕೊಟ್ಟು, ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳಬೇಕು. ಒಮ್ಮೆ ಕದ್ದು ಓದಿದ್ದು ಗೊತ್ತಾದರೆ ಅಲ್ಲಿಂದಾಚೆ ನಿಮಗೆ ಸಿಗುವುದು ನಿಮಗಾಗಿಯೇ ಬರೆದ ಪುಟಗಳು. ಇದರ ಜೊತೆಗೆ ಒಂದು ಅಪವಾದವನ್ನೂ ಮೊದಲೇ ಸ್ಪಷ್ಟಪಡಿಸಬೇಕು: ತೋರಿಸಿದ ಬರಹದಲ್ಲಿ ಬರೆದವರ ಅಥವಾ ಇನ್ನೊಬ್ಬರ ಜೀವಕ್ಕೆ, ಸುರಕ್ಷತೆಗೆ ಅಪಾಯವಿದೆ ಎಂದು ಕಂಡರೆ ಅದನ್ನು ಗುಟ್ಟಾಗಿ ಇಡಲಾಗದು, ಸಹಾಯ ಮಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ. ಈ ಮಾತನ್ನು ಆಮೇಲೆ ಹೇಳಿದರೆ ಅದು ನಂಬಿಕೆದ್ರೋಹದಂತೆ ಕಾಣುತ್ತದೆ.

ವಿಷಯದ ಆಯ್ಕೆಯಲ್ಲಿ ‘ಅತ್ಯಂತ’ ಎಂಬ ಪದವನ್ನು ಕೈಬಿಡುವುದು ಒಳ್ಳೆಯದು. ಅತ್ಯಂತ ಸಂತೋಷದ ದಿನ, ಅತ್ಯಂತ ದೊಡ್ಡ ಸೋಲು ಎಂದು ಕೇಳಿದರೆ ಮಕ್ಕಳು ತಮ್ಮ ನೆನಪನ್ನು ಬಿಟ್ಟು, ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರವನ್ನು ಹುಡುಕಲು ಹೊರಡುತ್ತಾರೆ. ಅದರ ಬದಲು ‘ನೀನು ಸುಮ್ಮನಿದ್ದು, ಆಮೇಲೆ ಮಾತಾಡಬೇಕಿತ್ತು ಅನ್ನಿಸಿದ ಒಂದು ಸಂದರ್ಭ’, ‘ಮನೆಯಲ್ಲಿ ಎಲ್ಲರೂ ಒಂದು ಥರ ಹೇಳುವ, ನಿನಗೆ ಮಾತ್ರ ಬೇರೆ ಥರ ನೆನಪಿರುವ ಒಂದು ಘಟನೆ’, ‘ನೀನು ಬಿಸಾಡಲು ಒಪ್ಪದ ಒಂದು ಹಳೆಯ ವಸ್ತು’, ‘ಮೊದಲ ಬಾರಿಗೆ ದೊಡ್ಡವರೊಬ್ಬರು ತಪ್ಪು ಎಂದು ನಿನಗೆ ಖಚಿತವಾದ ಗಳಿಗೆ’ ಎಂದು ಕೇಳಿ ನೋಡಿ. ಎರಡನೆಯದು ವಿಶೇಷವಾಗಿ ಫಲ ಕೊಡುತ್ತದೆ, ಏಕೆಂದರೆ ಅಲ್ಲಿ ಬರೆಯುವವರಿಗೆ ಹೇಳಲೇಬೇಕಾದ ತಮ್ಮದೊಂದು ಪಕ್ಷ ಇರುತ್ತದೆ.

ಮೊದಲ ಕರಡಿಗೆ ಹತ್ತು ನಿಮಿಷ ಸಾಕು. ಗಡಿಯಾರ ಇಟ್ಟುಕೊಂಡು, ಹಿಂದೆ ತಿರುಗಿ ಓದದೆ, ಹೊಡೆದುಹಾಕದೆ, ಕೈ ನಿಲ್ಲಿಸದೆ ಬರೆಯುವುದು. ಏನೂ ತೋಚದಿದ್ದರೆ ‘ಏನೂ ತೋಚುತ್ತಿಲ್ಲ’ ಎಂದೇ ಬರೆಯುವುದು. ಅಮೆರಿಕದ ಬರವಣಿಗೆ ಶಿಕ್ಷಕ ಪೀಟರ್ ಎಲ್ಬೋ 1970ರ ದಶಕದಲ್ಲಿ ಈ ಅಭ್ಯಾಸವನ್ನು ತರಗತಿಗಳಲ್ಲಿ ಬಹಳ ಪ್ರಚಾರಕ್ಕೆ ತಂದರು. ಬರೆಯುವುದನ್ನೂ ತಿದ್ದುವುದನ್ನೂ ಒಟ್ಟಿಗೆ ಮಾಡಹೊರಟರೆ ತಿದ್ದುವ ಬುದ್ಧಿ ಬರೆಯುವ ಬುದ್ಧಿಯನ್ನು ಬಾಯಿಬಿಡಲು ಬಿಡುವುದಿಲ್ಲ ಎಂಬುದು ಇದರ ಹಿಂದಿರುವ ತರ್ಕ. ಈ ಹಂತದಲ್ಲಿ ಮನೆಮಾತು, ಗೆಳೆಯರ ನಡುವಿನ ಮಾತು, ಎರಡು ಭಾಷೆ ಬೆರೆಸಿದ ಮಾತು ಎಲ್ಲಕ್ಕೂ ಜಾಗವಿರಲಿ. ಪೆನ್ನು ಹಿಡಿದರೆ ಕೈ ಕಟ್ಟಿದಂತಾಗುವ ಮಕ್ಕಳು ಮೊದಲು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡು, ಆಮೇಲೆ ಅದನ್ನು ಕೇಳುತ್ತಾ ಬರೆದುಕೊಳ್ಳಬಹುದು. ಅಂಥ ಕರಡುಗಳಲ್ಲಿ ವಾಕ್ಯಗಳ ಏರಿಳಿತ ತಾನಾಗಿಯೇ ಉಳಿದುಕೊಂಡಿರುತ್ತದೆ.

ಸಾರಾಂಶದಿಂದ ದೃಶ್ಯದ ಕಡೆಗೆ

ಹೆಚ್ಚಿನ ಕೆಲಸ ನಡೆಯುವುದು ಎರಡನೆಯ ಕರಡಿನಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಒಬ್ಬ ಹುಡುಗಿ ಹೀಗೆ ಬರೆದಿದ್ದಾಳೆ ಎಂದುಕೊಳ್ಳೋಣ: ‘ಎಂಟನೇ ತರಗತಿಯಲ್ಲಿ ನನ್ನ ಆಪ್ತ ಗೆಳತಿ ನನ್ನಿಂದ ದೂರವಾದಳು. ಅಂದು ನನಗೆ ತುಂಬಾ ದುಃಖವಾಯಿತು.’ ಈ ಎರಡು ವಾಕ್ಯಗಳಲ್ಲಿ ವ್ಯಾಕರಣದ ತಪ್ಪಿಲ್ಲ, ಸುಳ್ಳೂ ಇಲ್ಲ, ಆದರೆ ಓದುವವರಿಗೆ ನೋಡಲು ಏನೂ ಇಲ್ಲ. ‘ಇನ್ನಷ್ಟು ವಿವರವಾಗಿ ಬರೆ’ ಎಂದರೆ ಅವಳು ‘ತುಂಬಾ’ ಎಂಬಲ್ಲಿ ‘ಹೇಳಲಾರದಷ್ಟು’ ಎಂದು ಬದಲಿಸುತ್ತಾಳೆ. ಅದರ ಬದಲು ಉತ್ತರದಲ್ಲಿ ಒಂದು ಜಾಗ, ಒಂದು ವಸ್ತು, ಒಂದು ಮಾತು ಬರಲೇಬೇಕಾದ ಪ್ರಶ್ನೆಗಳನ್ನು ಕೇಳಬೇಕು. ದೂರವಾಗಿದ್ದಾಳೆ ಎಂದು ನಿನಗೆ ಮೊದಲು ಗೊತ್ತಾದದ್ದು ಎಲ್ಲಿ? ಆಗ ನಿನ್ನ ಕೈಯಲ್ಲಿ ಏನಿತ್ತು? ಅವಳು ಏನಾದರೂ ಹೇಳಿದಳೇ, ಹೇಳಿದ್ದರೆ ಅವಳದೇ ಮಾತಿನಲ್ಲಿ ಹೇಗೆ? ಬೇರೆ ಯಾರಾದರೂ ನೋಡುತ್ತಿದ್ದರೇ?

ಹೀಗೆ ಕೇಳಿದ ಮೇಲೆ ಅವಳು ಬರೆಯಬಹುದಾದದ್ದು: ‘ಅವಳು ನನ್ನ ಪಕ್ಕದಿಂದ ಎದ್ದೇನೂ ಹೋಗಲಿಲ್ಲ. ಆವತ್ತು ಬಂದು ಕೂತುಕೊಳ್ಳಲೇ ಇಲ್ಲ. ಅವಳಿಗೆ ಅಂತ ಬ್ಯಾಗಿಟ್ಟು ಜಾಗ ಹಿಡಿದಿದ್ದೆ. ಬ್ಯಾಗು ತೆಗೆದರೆ ಎಲ್ಲರಿಗೂ ಗೊತ್ತಾಗುತ್ತೆ, ತೆಗೆಯದಿದ್ದರೆ ಅವಳಿಗೆ ಗೊತ್ತಾಗುತ್ತೆ. ಬೆಲ್ ಹೊಡೆಯುವವರೆಗೂ ಬ್ಯಾಗು ಅಲ್ಲೇ ಇತ್ತು.’ ದುಃಖ ಎಂಬ ಪದ ಇಲ್ಲಿ ಬಂದಿಲ್ಲ. ಬಂದಿರುವುದು ಆ ಹುಡುಗಿಯ ಲೆಕ್ಕಾಚಾರ, ಅವಳ ಬಿಗುಮಾನ, ಯಾರಿಗೆ ಏನು ಗೊತ್ತಾಗಬಾರದು ಎಂಬ ಅವಳ ಆತಂಕ, ಮತ್ತು ಅದೆಲ್ಲವನ್ನೂ ತುಸು ತಮಾಷೆಯಿಂದಲೇ ನೋಡಬಲ್ಲ ಅವಳ ನೋಟ. ಬರಹದಲ್ಲಿ ದನಿ ಎಂದು ನಾವು ಕರೆಯುವುದು ಬಹುತೇಕ ಇದನ್ನೇ: ಎಷ್ಟೋ ವಿವರಗಳಲ್ಲಿ ಬ್ಯಾಗನ್ನೇ ಹೆಕ್ಕಿಕೊಂಡದ್ದು. ಅಲಂಕಾರದ ಪದಗಳಿಂದ ಅದು ಹುಟ್ಟುವುದಿಲ್ಲ. ನನ್ನ ಅನುಭವದಲ್ಲಿ ಹೇಳುವುದಾದರೆ ವಿಶೇಷಣಗಳು ಹೆಚ್ಚಿದಷ್ಟೂ ಅದು ಮರೆಯಾಗುವುದೇ ಹೆಚ್ಚು.

ದೃಶ್ಯ ಸಿಕ್ಕ ಮೇಲೆ ಎರಡನೆಯ ಸುತ್ತಿನ ಪ್ರಶ್ನೆ ಬರುತ್ತದೆ. ಅನುಭವ ಕಥನದಲ್ಲಿ ಇಬ್ಬರು ‘ನಾನು’ ಇರುತ್ತಾರೆ, ಅಂದು ಅಲ್ಲಿದ್ದ ನಾನು ಮತ್ತು ಇಂದು ಕೂತು ಬರೆಯುತ್ತಿರುವ ನಾನು. ವಿಲಿಯಂ ಲಬೋವ್ ಮತ್ತು ಜೋಶುವಾ ವಾಲೆಟ್ಸ್ಕಿ ಎಂಬ ಭಾಷಾವಿಜ್ಞಾನಿಗಳು 1967ರಲ್ಲಿ ಜನ ಬಾಯಿಮಾತಿನಲ್ಲಿ ಹೇಳುವ ಸ್ವಾನುಭವದ ಕಥೆಗಳನ್ನು ವಿಶ್ಲೇಷಿಸಿ, ನಡೆದದ್ದನ್ನು ಕ್ರಮವಾಗಿ ಹೇಳುವುದರ ಜೊತೆಗೆ ‘ಇದನ್ನು ಯಾಕೆ ಹೇಳುತ್ತಿದ್ದೇನೆ’ ಎಂಬುದನ್ನು ಸೂಚಿಸುವ ಒಂದು ಪದರವೂ ಅವುಗಳಲ್ಲಿ ಇರುತ್ತದೆ ಎಂದು ತೋರಿಸಿದರು. ಶಾಲೆಯ ಪ್ರಬಂಧದಲ್ಲಿ ಆ ಪದರದ ಜಾಗವನ್ನು ಕೊನೆಯ ನೀತಿ ಆಕ್ರಮಿಸಿಕೊಂಡಿರುತ್ತದೆ. ಅದನ್ನು ತೆಗೆಸಿ, ‘ಅಂದು ನಿನಗೆ ಗೊತ್ತಿಲ್ಲದ, ಈಗ ಗೊತ್ತಿರುವ ಒಂದು ಸಂಗತಿ ಯಾವುದು?’ ಎಂದು ಕೇಳಿ. ಏನೂ ಬದಲಾಗಿಲ್ಲ, ಈಗಲೂ ಅರ್ಥವಾಗಿಲ್ಲ ಎಂಬ ಉತ್ತರ ಬಂದರೆ ಅದನ್ನೇ ಬರೆಯಲು ಹೇಳಬೇಕು. ಹದಿನೈದರ ವಯಸ್ಸಿಗೆ ಪ್ರತಿ ನೋವಿನಿಂದಲೂ ಪಾಠ ಕಲಿತಿರಬೇಕೆಂಬ ನಿರೀಕ್ಷೆ ನಮ್ಮದೇ ಹೊರತು ಅವರದಲ್ಲ.

ಯಾರಿಗೆ ಹೇಳುತ್ತಿದ್ದೇನೆ ಎಂಬುದು ಖಚಿತವಾದರೂ ಬರಹ ಬದಲಾಗುತ್ತದೆ. 1942ರ ಜೂನ್ 12ರಂದು, ಹದಿಮೂರನೆಯ ಹುಟ್ಟುಹಬ್ಬದ ದಿನ, ದಿನಚರಿ ಬರೆಯಲು ತೊಡಗಿದ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಆನ್ ಫ್ರಾಂಕ್, ಮೊದಮೊದಲು ಹಲವು ಕಾಲ್ಪನಿಕ ಗೆಳತಿಯರಿಗೆ ಪತ್ರಗಳಂತೆ ಬರೆಯುತ್ತಿದ್ದಳು. 1944ರ ಮಾರ್ಚ್ 28ರಂದು, ಯುದ್ಧ ಮುಗಿದ ಮೇಲೆ ಜನರ ದಿನಚರಿ ಮತ್ತು ಪತ್ರಗಳನ್ನು ಸಂಗ್ರಹಿಸಲಾಗುವುದು ಎಂದು ದೇಶಭ್ರಷ್ಟ ಡಚ್ ಸರ್ಕಾರದ ಮಂತ್ರಿಯೊಬ್ಬರು ಆಡಿದ ಮಾತನ್ನು ರೇಡಿಯೋದಲ್ಲಿ ಕೇಳಿದ ಬಳಿಕ, ಆ ವರ್ಷದ ಮೇ ತಿಂಗಳಿನಿಂದ ಅವಳು ಇಡೀ ದಿನಚರಿಯನ್ನು ಬಿಡಿಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಕೆಲವು ಭಾಗಗಳನ್ನು ಬಿಟ್ಟಳು, ಕೆಲವನ್ನು ಸೇರಿಸಿದಳು, ಪತ್ರಗಳನ್ನೆಲ್ಲ ಕಿಟ್ಟಿ ಎಂಬ ಒಬ್ಬಳೇ ಗೆಳತಿಗೆ ಬರೆದಂತೆ ಮಾಡಿದಳು. ನಿಜವಾದ ಮಾತು ಮೊದಲ ಸಲವೇ ಬರಬೇಕು, ತಿದ್ದಿದರೆ ಅದು ಕೃತಕವಾಗುತ್ತದೆ ಎಂದು ವಾದಿಸುವ ಮಕ್ಕಳಿಗೆ ಅವರದೇ ವಯಸ್ಸಿನ ಈ ಲೇಖಕಿಯ ಉದಾಹರಣೆ ನಮ್ಮ ಯಾವ ಉಪದೇಶಕ್ಕಿಂತಲೂ ಹೆಚ್ಚು ಹೇಳುತ್ತದೆ. ಕೇಳುವವರೊಬ್ಬರನ್ನು ಆರಿಸಿಕೊಂಡು, ತಮ್ಮನಿಗೋ, ಮಾತು ಬಿಟ್ಟ ಗೆಳೆಯನಿಗೋ, ಐದು ವರ್ಷ ಚಿಕ್ಕವರಾಗಿದ್ದ ತಮಗೇ ಆಗಲಿ, ಕಳಿಸಬೇಕಿಲ್ಲದ ಪತ್ರವಾಗಿ ಅದೇ ಘಟನೆಯನ್ನು ಇನ್ನೊಮ್ಮೆ ಬರೆಯಲು ಹೇಳಿದರೆ ಧಾಟಿ ಎಷ್ಟು ಬದಲಾಗುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ.

ಓದಿದ ಮೇಲೆ ಏನು ಹೇಳಬೇಕು

ಹಿರಿಯರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೈಗೆ ಕೆಂಪು ಪೆನ್ನು ಬಂದರೆ ಕಣ್ಣು ಮೊದಲು ಹೋಗುವುದು ಬಿಟ್ಟುಹೋದ ಒತ್ತಕ್ಷರಕ್ಕೆ, ತಪ್ಪಾದ ವಿಭಕ್ತಿಗೆ. ತನ್ನ ಅವಮಾನವನ್ನು ಬರೆದು ತೋರಿಸಿದವರಿಗೆ ಮಹಾಪ್ರಾಣ ತಪ್ಪಿದ್ದನ್ನು ತೋರಿಸಿದರೆ ಮುಂದಿನ ಸಲ ಅವರು ಮಹಾಪ್ರಾಣಗಳನ್ನು ಸರಿಯಾಗಿ ಬರೆದು ಅವಮಾನವನ್ನು ಬಿಟ್ಟುಬಿಡುತ್ತಾರೆ. ಕಾಗುಣಿತ ಮತ್ತು ವ್ಯಾಕರಣವನ್ನು ಕೊನೆಯ ಕರಡಿನಲ್ಲಿ, ಅದೂ ಇತರರಿಗೆ ತೋರಿಸಲು ನಿರ್ಧರಿಸಿದ ಬರಹದಲ್ಲಿ ಮಾತ್ರ ನೋಡಿದರೆ ಸಾಕು. ಅದಕ್ಕೂ ಮೊದಲು ಪೆನ್ಸಿಲಿನಿಂದ ಎರಡೋ ಮೂರೋ ವಾಕ್ಯಗಳ ಕೆಳಗೆ ಗೆರೆ ಎಳೆದು, ‘ಇಲ್ಲಿ ನೀನೇ ಮಾತಾಡಿದ ಹಾಗೆ ಕೇಳಿಸಿತು’ ಎಂದು ಹೇಳಿ, ಕುತೂಹಲದಿಂದ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವುದು ಹೆಚ್ಚು ಉಪಯುಕ್ತ. ‘ತುಂಬಾ ಚೆನ್ನಾಗಿದೆ’ ಎಂಬ ಹೊಗಳಿಕೆಯಿಂದ ಬರೆದವರಿಗೆ ಮುಂದಿನ ದಾರಿ ಕಾಣುವುದಿಲ್ಲ, ಯಾವ ವಾಕ್ಯ ಎಂದು ತೋರಿಸಿದರೆ ಕಾಣುತ್ತದೆ. ವಾಕ್ಯವನ್ನು ನೀವೇ ತಿದ್ದಿ ಕೊಡಬೇಡಿ, ಎಷ್ಟೇ ಸುಲಭವೆನಿಸಿದರೂ. ಬರಹವನ್ನು ಕ್ಷಣದಲ್ಲಿ ನಯಗೊಳಿಸಿಕೊಡುವ ಎಐ ಆ್ಯಪ್‌ಗಳನ್ನು ಈ ಕೆಲಸದಿಂದ ದೂರವಿಡಬೇಕಾದದ್ದೂ ಇದೇ ಕಾರಣಕ್ಕೆ: ಅವು ಮೊದಲು ಅಳಿಸುವುದು ಬರೆದವರ ಓರೆಕೋರೆಗಳನ್ನು, ದನಿ ಇರುವುದು ಅಲ್ಲಿಯೇ.

ಅತ್ತು ಬರೆದದ್ದಕ್ಕೆ ಮಾತ್ರ ತಲೆದೂಗುವ ಅಭ್ಯಾಸ ನಮ್ಮಲ್ಲಿದ್ದರೆ ಮಕ್ಕಳು ಅದನ್ನು ಬೇಗ ಪತ್ತೆಹಚ್ಚುತ್ತಾರೆ ಮತ್ತು ಇಲ್ಲದ ದುಃಖವನ್ನು ಒದಗಿಸತೊಡಗುತ್ತಾರೆ. ತಮಾಷೆ, ಸಿಟ್ಟು, ಬೇಸರ, ಹೊಟ್ಟೆಕಿಚ್ಚು, ಜಂಬ ಇವುಗಳೂ ಅಷ್ಟೇ ಪ್ರಾಮಾಣಿಕವಾದ ಭಾವಗಳು. ಒಂದು ಮಗು ತನ್ನ ಸೋಮಾರಿತನದ ಬಗ್ಗೆ ನಗುತ್ತಾ ಬರೆದ ಪುಟಕ್ಕೂ ಅದೇ ಗಮನ ಸಿಗಬೇಕು.

ನಿಜವಾದ ನೋವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕಹಿ ಅನುಭವಗಳ ಸಂಗತಿಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು ಎಂಬ ಅದೇ ಪ್ರಯೋಗದ ಇನ್ನೊಂದು ಅಂಶವನ್ನು ಹೇಳುವವರು ಕಡಿಮೆ. ಮುಂದಿನ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಪ್ರಯೋಜನ ಇದೆ, ಆದರೆ ಚಿಕ್ಕದು ಎಂದು ಕಂಡುಬಂದಿದೆ. ಆದ್ದರಿಂದ ಬರವಣಿಗೆಯನ್ನು ಚಿಕಿತ್ಸೆ ಎಂದು ಭಾವಿಸಬಾರದು, ಹಸಿಗಾಯದ ಬಗ್ಗೆ ಬರೆಯಲು ಒತ್ತಾಯಿಸಬಾರದು, ಅಂಥ ಪುಟವನ್ನು ಬರೆದವರನ್ನು ತರಗತಿ ಮುಗಿಯಿತೆಂದು ಹಾಗೆಯೇ ಎದ್ದುಹೋಗಲು ಬಿಡಬಾರದು. ‘ನಾನು’ ಎನ್ನುವ ಬದಲು ‘ಅವಳು’, ‘ಅವನು’ ಎಂದು ಬರೆಯುವುದರಿಂದ ಬೇಕಾದಷ್ಟು ದೂರ ಸಿಗುತ್ತದೆ. ಬರಹದಲ್ಲಿ ಬರುವ ಮನೆಯವರ, ಗೆಳೆಯರ ಗುಟ್ಟುಗಳು ಬರೆದವರ ಸ್ವತ್ತಲ್ಲ ಎಂಬುದನ್ನೂ ತಿಳಿಸಬೇಕು: ಬರೆಯಲು ಯಾರ ಒಪ್ಪಿಗೆಯೂ ಬೇಡ, ಹಂಚಿಕೊಳ್ಳಲು ಬೇಕು.

ಹಂಚಿಕೊಳ್ಳುವ ದಿನ ಬಂದಾಗ ಬರೆದವರೇ ಗಟ್ಟಿಯಾಗಿ ಓದಲಿ. ಓದುವಾಗ ನಾಲಗೆ ತೊಡರಿದ ವಾಕ್ಯ ಸಾಮಾನ್ಯವಾಗಿ ಬೇರೆ ಯಾರದೋ ಬಾಯಿಂದ ಎರವಲು ತಂದದ್ದಾಗಿರುತ್ತದೆ. ಅದರ ಪಕ್ಕ ಒಂದು ಗುರುತು ಹಾಕಿಕೊಂಡು ಓದು ಮುಂದುವರಿಸಿದರೆ ಮುಂದಿನ ತಿದ್ದುಪಡಿಗೆ ಬೇರೆ ಟಿಪ್ಪಣಿಯೇ ಬೇಕಾಗುವುದಿಲ್ಲ. ಹಳೆಯ ಕರಡುಗಳನ್ನು ದಿನಾಂಕ ಹಾಕಿ ಒಂದೇ ಕಡೆ ಇಟ್ಟುಕೊಳ್ಳಲು ಹೇಳಿ. ಚೆನ್ನಾಗಿ ಬಂದ ಬರಹವನ್ನು ಸ್ಪರ್ಧೆಗೋ ಶಾಲೆಯ ಸಂಚಿಕೆಗೋ ಕಳಿಸಬೇಕೆನಿಸಿದರೆ ಬರೆದವರನ್ನು ಕೇಳಿ, ಬೇಡವೆಂದರೆ ಕಾರಣ ಕೇಳಬೇಡಿ.