ಕಾಗದದ ಬಟ್ಟಲುಗಳಿಂದ ಗಾಳಿಯ ತಡೆಯನ್ನು ಅಳೆದೆ

ಮೊಬೈಲ್ ಕ್ಯಾಮೆರಾದಿಂದ ಗಾಳಿಯ ಪ್ರತಿರೋಧವನ್ನು ಅಳೆಯಲು ಆಗದು ಎಂದು ಜೊತೆಯ ಅಧ್ಯಾಪಕರು ಹೇಳುತ್ತಲೇ ಇದ್ದರು. ಕೊನೆಗೂ ಅಂಕಿಗಳನ್ನು ಅವರ ಮುಂದಿಟ್ಟೆ. ಸೆಕೆಂಡಿಗೆ 240 ಫ್ರೇಮ್ (ಬಿಡಿ ಚಿತ್ರ) ಹಿಡಿಯುವ ವಿಡಿಯೊದಲ್ಲಿ, ಒಂದು ಮೀಟರ್ ಇಳಿಯಲು ಒಂದು ಕಾಗದದ ಬಟ್ಟಲಿಗೆ ಸುಮಾರು 265 ಫ್ರೇಮ್, ಒಂದರೊಳಗೊಂದು ಇಟ್ಟ ನಾಲ್ಕಕ್ಕೆ 134, ಒಂಬತ್ತಕ್ಕೆ 90. ತೂಕ ನಾಲ್ಕು ಪಟ್ಟಾದರೆ ವೇಗ ಎರಡು ಪಟ್ಟು, ಒಂಬತ್ತು ಪಟ್ಟಾದರೆ ಮೂರು ಪಟ್ಟು. ಅಂದರೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅವರು ಮರುಮಾತನಾಡಲಿಲ್ಲ.

ಇದಕ್ಕೂ ಮೊದಲು, ಗಾಳಿಯಿಲ್ಲದಿದ್ದರೆ ಗರಿಯೂ ನಾಣ್ಯವೂ ಒಟ್ಟಿಗೇ ಬೀಳುವುದನ್ನು ತೋರಿಸಲು ಹೋಗಿ ನಾನು ಹಣ ಕಳೆದುಕೊಂಡದ್ದು ನಿರ್ವಾತ ಪಂಪಿನಲ್ಲಿ. ತಿಂಗಳುಗಟ್ಟಲೆ ಕೂಡಿಟ್ಟದ್ದನ್ನೆಲ್ಲ ಪಂಪಿಗೂ ಪಾರದರ್ಶಕ ಕೊಳವೆಗೂ ಸುರಿದೆ. ಆದರೂ ಗರಿ ನಾಣ್ಯಕ್ಕಿಂತ ಹಿಂದೆಯೇ ಉಳಿಯಿತು. ಹತ್ತರಲ್ಲಿ ಒಂಬತ್ತು ಪಾಲು ಗಾಳಿಯನ್ನು ಹೊರಗೆಳೆದರೂ ಗರಿಯ ಅಂತಿಮ ವೇಗ (ಗಾಳಿಯ ತಡೆ ತೂಕಕ್ಕೆ ಸಮನಾಗಿ, ಮುಂದೆ ಏರದೆ ನಿಲ್ಲುವ ವೇಗ) ಹೆಚ್ಚುವುದು ಮೂರು ಪಟ್ಟು ಚಿಲ್ಲರೆ ಮಾತ್ರ. 1971ರಲ್ಲಿ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಜೊತೆಯಾಗಿ ನೆಲ ಮುಟ್ಟಿದ್ದವು. ನನ್ನ ಸೋರುವ ಕೊಳವೆಯಲ್ಲಿ ಅದು ಕನಸಿನ ಮಾತು.

ಆಮೇಲೆ ಕಾಫಿ ಸೋಸುವ ಕಾಗದದ ಬಟ್ಟಲುಗಳಿಗೆ ಬಂದೆ. ಒಂದೊಂದು ಹೆಚ್ಚುಕಡಿಮೆ ಒಂದು ಗ್ರಾಂ. ಒಂದನ್ನು ಒಂದು ಮೀಟರಿನಿಂದ, ನಾಲ್ಕರ ಕಟ್ಟನ್ನು ಎರಡು ಮೀಟರಿನಿಂದ ಬಿಟ್ಟರೆ ಒಟ್ಟಿಗೇ ನೆಲ ಸೇರಬೇಕು. ಸೇರಲಿಲ್ಲ. ಪ್ರತಿ ಸಲವೂ ನಾಲ್ಕರ ಕಟ್ಟು ಹದಿನೈದು ಫ್ರೇಮಿನಷ್ಟು ತಡವಾಗುತ್ತಿತ್ತು. ವಾರವಿಡೀ ಕ್ಯಾಮೆರಾವನ್ನು ದೂರಿದೆ. ಕಾರಣ ಬೇರೆಯೇ ಇತ್ತು: ಭಾರವಾದ ಕಟ್ಟು ತನ್ನ ಅಂತಿಮ ವೇಗವನ್ನು ಮುಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಟ್ಟ ಗಳಿಗೆಯಿಂದ ಎಣಿಸಿದ್ದೇ ತಪ್ಪು. ಮೂರು ಮೀಟರ್ ಎತ್ತರದಿಂದ ಬಿಟ್ಟು, ಗೋಡೆಗೆ ಅಂಟಿಸಿದ ಪಟ್ಟಿಗಳ ನಡುವಿನ ಕೊನೆಯ ಒಂದು ಮೀಟರನ್ನಷ್ಟೇ ಎಣಿಸಿದೆ. ಸೆಕೆಂಡಿಗೆ 240 ಫ್ರೇಮಿನ ವಿಡಿಯೊ ಸಾಕಾಯಿತು.

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕ್ಯಾಮೆರಾವನ್ನು ಆ ಮೀಟರಿನ ನಡುಮಟ್ಟಕ್ಕೆ ದೂರದಲ್ಲಿ ನಿಲ್ಲಿಸಿ. ಹತ್ತು ಬಾರಿ ಬಿಟ್ಟರೆ ಮೂರ್ನಾಲ್ಕು ಬಾರಿ ಬಟ್ಟಲು ಪಕ್ಕಕ್ಕೆ ಜಾರುತ್ತದೆ. ಅವನ್ನು ಲೆಕ್ಕಕ್ಕೆ ಸೇರಿಸಬೇಡಿ. ವಾಲದಂತೆ ಬಿಡುವುದಕ್ಕೆ ನನ್ನದೇ ಒಂದು ಉಪಾಯವಿದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಕುತೂಹಲಕ್ಕೆ ಬಟ್ಟಲನ್ನು ಕವುಚಿಯೂ ಬಿಟ್ಟು ನೋಡಿದೆ. ಅಂಚು ಒಮ್ಮೆ ನಡುಗಿ, ಪಲ್ಟಿ ಹೊಡೆದು, ತಳ ಕೆಳಗಾಗಿಯೇ ನೆಟ್ಟಗಾಯಿತು. ಅದನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದೆನೋ. ಹದಿನಾರು ಬಟ್ಟಲಿನ ಕಟ್ಟಿಗೆ ಮಾತ್ರ ಮೂರು ಮೀಟರ್ ಸಾಲುವುದಿಲ್ಲ. ಪಟ್ಟಿಯನ್ನು ದಾಟುವಾಗಲೂ ಅದರ ವೇಗ ಇನ್ನೂ ಏರುತ್ತಲೇ ಇರುತ್ತದೆ.