ಮೊರಾಕ್ಕೊಗೆ ಹೊರಟಿರಾ? ಮೊದಲು ಸಲಾಂ ಹೇಳಲು ಕಲಿಯಿರಿ

ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿವೆ ಎಂದು ಬರೆದಿಟ್ಟವನು ಇಬ್ನ್ ಬತೂತ. ಅವನು ಹುಟ್ಟಿದ್ದು 1304ರಲ್ಲಿ, ಮೊರಾಕ್ಕೊದ ಟ್ಯಾಂಜಿಯರ್‌ನಲ್ಲಿ. ಈಗ ನಮ್ಮವರು ಅವನ ನಾಡಿಗೆ ಹೊರಟಿದ್ದಾರೆ. ಹೊರಡುವ ಮುನ್ನ ಇಷ್ಟು ತಿಳಿದಿರಲಿ.

ಮೊದಲು ವೀಸಾ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅದು ಬೇಕೇ ಬೇಕು. ಮೊರಾಕ್ಕೊ ಸರ್ಕಾರದ 'ಆಕ್ಸೆಸ್ ಮರೋಕ್' ಜಾಲತಾಣದಲ್ಲಿ ನಿಮಗೆ ಇ-ವೀಸಾ ಸಿಗುತ್ತದೆಯೇ ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ. ಡ್ರೋನ್ ಇದ್ದರೆ ಮನೆಯಲ್ಲೇ ಬಿಡಿ. ಪರವಾನಗಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಅಲ್ಲಿನ ಹಣ ದಿರ್ಹಮ್ ಹೊರದೇಶಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಯೂರೊ ಅಥವಾ ಡಾಲರ್ ಒಯ್ದು ಅಲ್ಲೇ ಬದಲಿಸಿ, ರಸೀದಿ ಜೋಪಾನವಾಗಿಡಿ. ಉಳಿದ ಹಣವನ್ನು ವಾಪಸ್ ಬದಲಿಸುವಾಗ ಅದನ್ನು ಕೇಳುತ್ತಾರೆ. ಎಟಿಎಂನಿಂದ ಬರುವುದು ಹೆಚ್ಚಾಗಿ 100, 200ರ ನೋಟು. ಸಣ್ಣ ಅಂಗಡಿಗೂ ಟ್ಯಾಕ್ಸಿಗೂ ಚಿಲ್ಲರೆ ಬೇಕು. ಮೊದಲ ದಿನವೇ ಮುರಿಸಿಟ್ಟುಕೊಳ್ಳಿ.

ಗಡಿಯಾರದ ವಿಷಯದಲ್ಲಿ ಹಲವರು ಎಡವುತ್ತಾರೆ. ಅಲ್ಲಿನ ಸಮಯ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ರಂಜಾನ್ ತಿಂಗಳಲ್ಲಿ ದೇಶವೇ ಗಡಿಯಾರವನ್ನು ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಆ ತಿಂಗಳು ಹೋದರೆ ರೈಲಿನ ವೇಳೆಯನ್ನು ಎರಡು ಸಲ ನೋಡಿ. ಹಗಲು ಬೀದಿಯಲ್ಲಿ ನೀರು ಕುಡಿಯಲೂ ಬೇಡಿ, ಸುತ್ತಲಿನವರು ಉಪವಾಸವಿರುತ್ತಾರೆ.

ಬಟ್ಟೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಭುಜ, ಮಂಡಿ ಮುಚ್ಚಿದ್ದರೆ ಸಾಕು. ನಮ್ಮ ಚೂಡಿದಾರ, ದುಪಟ್ಟಾ ಅಲ್ಲಿಗೆ ಹೇಳಿ ಮಾಡಿಸಿದಂತಿವೆ. ಅಲ್ಲಿನ ಮಸೀದಿಗಳ ಒಳಗೆ ಸಾಮಾನ್ಯವಾಗಿ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಆದರೆ ಕಾಸಾಬ್ಲಾಂಕಾದ ಹಸನ್ II ಮಸೀದಿಯನ್ನು ಗೈಡ್ ಜೊತೆ ನೋಡಬಹುದು, ಖಂಡಿತ ನೋಡಿ. ಪೊಲೀಸರ, ಸೈನಿಕರ ಫೋಟೊ ತೆಗೆಯಬೇಡಿ. ಉಳಿದವರದ್ದನ್ನು ಕೇಳಿ ತೆಗೆಯಿರಿ.

ಇನ್ನು ಮಾತು. ಅಂಗಡಿಗೆ ಕಾಲಿಟ್ಟ ಕೂಡಲೇ ಬೆಲೆ ಕೇಳುವುದು ಅಲ್ಲಿ ಒರಟುತನ. 'ಅಸ್ಸಲಾಮು ಅಲೈಕುಮ್' ಅನ್ನಿ, 'ಲಾ ಬಾಸ್?' ಎಂದು ಕ್ಷೇಮ ವಿಚಾರಿಸಿ, ಆಮೇಲೆ 'ಬ್ಶ್‌ಹಾಲ್?' ಎಂದು ಬೆಲೆ ಕೇಳಿ. ಫೆಜ್‌ನ ಹಳೇಪೇಟೆಯಲ್ಲಿ ನಾನು ದಾರಿ ತಪ್ಪಿದ್ದಾಗ ಒಬ್ಬ ಹುಡುಗ 'ಮುಂದೆ ದಾರಿ ಮುಚ್ಚಿದೆ' ಎಂದು ಹೇಳಿ, ಸುತ್ತಾಡಿಸಿ ದುಡ್ಡು ಕೇಳಿದ. ಕೊನೆಗೆ ಒಬ್ಬ ಹಿರಿಯ ಅಂಗಡಿಕಾರರಿಗೆ ಸಲಾಂ ಹೇಳಿ ಕೇಳಿದೆ. ಎದ್ದು ಗಲ್ಲಿಯ ತುದಿಯವರೆಗೂ ಬಂದು ತೋರಿಸಿದರು. ಆ ಗಲ್ಲಿಗಳಲ್ಲಿ 'ಬಾಲಕ್! ಬಾಲಕ್!' (ದಾರಿ ಬಿಡಿ) ಎಂಬ ಕೂಗು ಕೇಳಿದರೆ ಕೂಡಲೇ ಗೋಡೆಗೆ ಒತ್ತಿ ನಿಲ್ಲಿ. ಹಿಂದಿನಿಂದ ಹೊರೆ ಹೊತ್ತ ಕತ್ತೆ ಬರುತ್ತಿರುತ್ತದೆ.

ಚೌಕಾಸಿ ಮಾಡಿ, ಆದರೆ ಕೊಳ್ಳುವ ಮನಸ್ಸಿದ್ದರೆ ಮಾತ್ರ. ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಹಿಂದೆ ಸರಿಯುವುದು ದೊಡ್ಡ ಅವಮಾನ.

ಸಸ್ಯಾಹಾರಿಗಳು 'ಬ್ಲಾ ಲ್‌ಹಮ್' (ಮಾಂಸವಿಲ್ಲದೆ) ಅಂದರಷ್ಟೇ ಸಾಲದು, ಕೋಳಿಯೂ ಬೇಡವೆಂದು ಬೇರೆಯಾಗಿ ಹೇಳಬೇಕು. ಬರೀ ತರಕಾರಿ ಕಾಣುವ ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳುಗಳ ಅಡುಗೆ) ಕೂಡ ಮಾಂಸದ ಸಾರಿನಲ್ಲಿ ಬೆಂದಿರಬಹುದು. ನಂಬಬಹುದಾದದ್ದು ಝಾಲೂಕ್: ಬದನೆಕಾಯಿ, ಟೊಮೆಟೊ, ಬೆಳ್ಳುಳ್ಳಿಯ ಗೊಜ್ಜು. ಬಿಸಿ ರೊಟ್ಟಿ 'ಖೊಬ್ಜ್' ಜೊತೆ ಅದನ್ನು ತಿಂದರೆ ನಮ್ಮ ಎಣ್ಣೆಗಾಯಿ ನೆನಪಾಗುತ್ತದೆ.

ಯಾರಾದರೂ ಮನೆಗೆ ಕರೆದರೆ ಹೋಗಿ. ಶುಕ್ರವಾರವಾದರೆ ಕುಸ್ಕುಸ್ ಇದ್ದೇ ಇರುತ್ತದೆ. ಚಪ್ಪಲಿ ಹೊರಗೆ ಬಿಡಿ. ದೊಡ್ಡ ತಟ್ಟೆಯೊಂದರ ಸುತ್ತ ಎಲ್ಲರೂ ಕೂತಾಗ 'ಬಿಸ್ಮಿಲ್ಲಾ' ಎಂದು ಬಲಗೈಯಲ್ಲಿ, ನಿಮ್ಮ ಎದುರಿನ ಪಾಲನ್ನಷ್ಟೇ ತಿನ್ನಿ. ನಡುವೆ ಇರುವ ಮಾಂಸವನ್ನು ಮನೆಯವರೇ ಹಂಚುತ್ತಾರೆ, ಕೈ ಚಾಚಬೇಡಿ. ಪುದೀನ ಚಹಾ ಬಂತೆಂದರೆ ಅವಸರ ಬೇಡ. ಮೊದಲ ಲೋಟವನ್ನು ಮರಳಿ ಕೆಟಲ್‌ಗೇ ಸುರಿದು ಹದ ಮಾಡುತ್ತಾರೆ, ಆಮೇಲೆ ನೊರೆ ಏಳುವಂತೆ ಕೈ ಎತ್ತಿ ಎತ್ತರದಿಂದ ಹೊಯ್ಯುತ್ತಾರೆ. ಸಕ್ಕರೆ ಕೆಟಲ್‌ನಲ್ಲೇ ಬೆರೆಯುವುದರಿಂದ, ಮಧುಮೇಹ ಇದ್ದವರು ಮೊದಲೇ 'ಬ್ಲಾ ಸುಕ್ಕರ್' ಅನ್ನಬೇಕು.

ಬರಿಗೈಯಲ್ಲಿ ಮಾತ್ರ ಹೋಗಬೇಡಿ. ದಾರಿಯ ದಿನಸಿ ಅಂಗಡಿಯಲ್ಲಿ ಕಾಗದ ಸುತ್ತಿದ, ಶಂಕುವಿನಾಕಾರದ 2 ಕೆ.ಜಿ. ಸಕ್ಕರೆ ಅಚ್ಚು ಸಿಗುತ್ತದೆ. ಮದುವೆಗೂ ಸಾವಿನ ಮನೆಗೂ ಅವರು ಒಯ್ಯುವುದು ಅದನ್ನೇ. ಪರದೇಶದವರ ಕೈಯಲ್ಲಿ ಅದನ್ನು ಕಂಡರೆ ಮನೆಯ ಅಜ್ಜಿಗೆ ಆಗುವ ಖುಷಿಯನ್ನು ನೀವೇ ನೋಡುತ್ತೀರಿ.